ಗೋಡೆಯಾಚೆಯ ಭಾಗಾಕಾರ

ಶಿವಗಂಗವ್ವನ ಕೈಯ ಚಹಾ ಚಲೋ ಇರುತ್ತದೆ ಎಂಬ ಮಾತು ಊರಿನಲ್ಲಿ ಹುಟ್ಟಿದಾಗ ಅವಳಿನ್ನೂ ಲಂಗ ಉಟ್ಟು ಕನ್ನಡ ಶಾಲೆಗೆ ಹೋಗುವ ಹುಡುಗಿ. ಮಾಸ್ತರರ ಖೋಲಿಯ ಮೂಲೆಯಲ್ಲಿ ಒಂದು ಸೀಮೆಎಣ್ಣೆಯ ಸ್ಟೋವು ಇತ್ತು. ಮಧ್ಯಾಹ್ನದ ಸಣ್ಣ ಸೂಟಿ ಮುಗಿದು, ಮಕ್ಕಳೆಲ್ಲ ಒಳಗೆ ಬಂದು ಪಾಟಿ ಒರೆಸಿಕೊಳ್ಳುವ ಹೊತ್ತಿಗೆ ಗುರುಗಳು ಅವಳ ಕಡೆ ನೋಡಿ ಸುಮ್ಮನೆ ಗೋಣು ಹಾಕುತ್ತಿದ್ದರು. ಬಾಯಿಬಿಟ್ಟು ಕರೆಯುತ್ತಿರಲಿಲ್ಲ. ಆ ಒಂದು ಗೋಣಿಗೆ ಅವಳು ಎದ್ದು ಹೋಗುತ್ತಿದ್ದಳು. ಹೋಗುವಾಗ ಉಳಿದ ಹುಡುಗಿಯರು ತನ್ನತ್ತ ನೋಡುವ ನೋಟದಲ್ಲಿ ಏನಿದೆಯೆಂದು ಅವಳಿಗೆ ಗೊತ್ತಿತ್ತು. ಆ ನೋಟವನ್ನು ಅವಳು ಹೊಸ ದುಪಟಿಯಂತೆ ಹೆಗಲ ಮೇಲೆ ಹೊದ್ದುಕೊಂಡು ನಡೆಯುತ್ತಿದ್ದಳು.

ಖೋಲಿಯ ಗೋಡೆಯ ಆಚೆ ಗಣಿತ ನಡೆಯುತ್ತಿತ್ತು. ಗುರುಗಳ ದನಿ ಮಣ್ಣಿನ ಗೋಡೆಯಲ್ಲಿ ಸೋಸಿಕೊಂಡು ಈಚೆಗೆ ಬರುತ್ತಿತ್ತು. ‘ಮೇಲಿನ ಅಂಕಿ ಕೆಳಗ ಇಳಿಸಿಕೊಳ್ರಿ’ ಎನ್ನುವುದು ಕೇಳುತ್ತಿತ್ತು. ಯಾವ ಅಂಕಿ, ಎಲ್ಲಿಂದ, ಎಲ್ಲಿಗೆ ಎಂಬುದು ಹಲಗೆಯ ಮೇಲಿತ್ತು, ಹಲಗೆ ಗೋಡೆಯಾಚೆ ಇತ್ತು. ಅವಳು ಚಹಾದ ಪಾತ್ರೆ ಇಳಿಸಿ, ಸೋಸಿ, ಕಪ್ಪುಗಳನ್ನು ತಾಟಿನಲ್ಲಿ ಜೋಡಿಸಿಕೊಂಡು ಬರುವಷ್ಟರಲ್ಲಿ ಹಲಗೆ ಒರೆಸಿ ಆಗಿರುತ್ತಿತ್ತು. ಹೀಗೆ ದೊಡ್ಡ ಭಾಗಾಕಾರವೊಂದು ಶಿವಗಂಗವ್ವನಿಗೆ ಬರಲೇ ಇಲ್ಲ. ಏಳನೆಯ ಇಯತ್ತೆಯಲ್ಲಿ ಗಣಿತ ಹೋಯಿತು. ಮತ್ತೊಮ್ಮೆ ಪರೀಕ್ಷೆಗೆ ಕಟ್ಟು ಎಂದು ಯಾರೂ ಹೇಳಲಿಲ್ಲ, ತಾನೂ ಕೇಳಲಿಲ್ಲ. ಮುಂದೆ ಸೋದರಮಾವನ ಮಗ ಸಿದ್ಧಾರೂಢನಿಗೆ ಅದೇ ಊರಲ್ಲೇ ಕೊಟ್ಟರು. ಆತ ಅಣ್ಣಿಗೇರಿಯ ಕಾಳಿನ ದಲಾಲಿ ಅಂಗಡಿಯಲ್ಲಿ ತೂಕಕ್ಕೆ ನಿಲ್ಲುತ್ತಿದ್ದ, ಈಗಲೂ ನಿಲ್ಲುತ್ತಾನೆ.

ಇದರಲ್ಲಿ ತನಗೆ ಏನೋ ಅನ್ಯಾಯವಾಯಿತೆಂದು ಅವಳಿಗೆ ಎಂದೂ ಅನಿಸಿರಲಿಲ್ಲ. ಇಡೀ ಶಾಲೆಯ ಹುಡುಗಿಯರಲ್ಲಿ ಗುರುಗಳು ತನ್ನೊಬ್ಬಳನ್ನೇ ಆರಿಸಿದ್ದರು. ಮದುವೆಯ ಮುಯ್ಯಿಯಲ್ಲಿ ಬಂದ ಹಿತ್ತಾಳೆಯ ದೀಪದ ಸಮೆಯನ್ನು ಒರೆಸಿ ಇಡುವಂತೆ ಅವಳು ಆ ನೆನಪನ್ನು ಒರೆಸಿ ಇಟ್ಟುಕೊಂಡಿದ್ದಳು.

ಊರಿನ ಶಾಲೆ ಹೈಸ್ಕೂಲಾಯಿತು. ಬಿಸಿಯೂಟ ಬಂತು. ಮಾಸ್ತರರ ಹಳೆಯ ಖೋಲಿಯೇ ಅಡುಗೆಮನೆಯಾಯಿತು. ಶಿವಗಂಗವ್ವ ಅಲ್ಲಿ ಮುಖ್ಯ ಅಡುಗೆಯವಳಾಗಿ ಸೇರಿ, ಬೀಗದ ಕೈ ಟೊಂಕಕ್ಕೆ ಸಿಕ್ಕಿಸಿಕೊಂಡಳು. ಜೊತೆಗೆ ಗೌಸಬಿ. ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವಳು, ಹುದ್ದೆಯಲ್ಲಿ ಸಹಾಯಕಿ, ಮಾತಿನಲ್ಲಿ ಯಾರಿಗೂ ಸಹಾಯಕಿಯಲ್ಲ.

ಅಡುಗೆಮನೆಯ ಪದ್ಧತಿಯನ್ನು ಶಿವಗಂಗವ್ವನೇ ಹಾಕಿಕೊಟ್ಟದ್ದು. ದಿನಾ ಒಂಬತ್ತನೆಯ ಇಯತ್ತೆಯ ಇಬ್ಬರು ಹುಡುಗಿಯರ ಪಾಳಿ. ಎರಡನೆಯ ಪೀರಿಯಡ್ಡಿಗೆ ಅವರು ಬಂದು ಅಕ್ಕಿ ಬೇಳೆ ಹಸನು ಮಾಡಬೇಕು. ಮಧ್ಯಾಹ್ನ ಮೊದಲ ಪಂಕ್ತಿಗೆ ಗಂಡುಹುಡುಗರು ಕೂಡುತ್ತಾರೆ, ಅವರಿಗೆ ನೀಡಬೇಕು. ಅವರು ಎದ್ದ ಮೇಲೆ ಹುಡುಗಿಯರ ಪಂಕ್ತಿ. ಆಮೇಲೆ ಪಾತೇಲಿ ತಿಕ್ಕುವುದು. ಹುಡುಗರ ಪಾಲಿಗೆ ಗಂಟೆ ಬಾರಿಸುವುದು, ಗ್ಯಾಸಿನ ಸಿಲಿಂಡರು ಉರುಳಿಸಿಕೊಂಡು ಬರುವುದು. ಸಿಲಿಂಡರು ತಿಂಗಳಿಗೊಮ್ಮೆ ಬರುತ್ತಿತ್ತು, ಪಾತೇಲಿ ದಿನಾ ಇರುತ್ತಿತ್ತು. ಶಿವಗಂಗವ್ವ ಒಂಬತ್ತರ ಬಾಗಿಲಿಗೆ ಹೋಗಿ ನಿಂತು, ಪಾಳಿಯ ಹುಡುಗಿಯರ ಕಡೆ ನೋಡಿ ಗೋಣು ಹಾಕುತ್ತಿದ್ದಳು. ಅವರು ಎದ್ದು ಬರುತ್ತಿದ್ದರು. ಬರುವಾಗ ಅವರೂ ಹೆಗಲ ಮೇಲೆ ಏನನ್ನೋ ಹೊದ್ದುಕೊಂಡಿರುತ್ತಾರೆ ಎಂದೇ ಅವಳು ತಿಳಿದಿದ್ದಳು.

ಈ ಜೂನಿನಲ್ಲಿ ಸೀಮಾ ಬಂದಳು. ಕುರಿ ಹನಮಂತಪ್ಪನ ಮೊಮ್ಮಗಳು. ಇಲ್ಲಿಯತನಕ ನವಲಗುಂದದ ಹಾಸ್ಟೆಲಿನಲ್ಲಿ ಓದಿ, ಅಜ್ಜನಿಗೆ ಕಣ್ಣು ಮಂಜಾದ ಮೇಲೆ ಊರಿಗೆ ಬಂದು ಒಂಬತ್ತಕ್ಕೆ ಸೇರಿದವಳು. ಸೂಟಿಯಲ್ಲೆಲ್ಲ ಕುರಿಯ ಹಿಂದೆ ನಡೆದು ನಡೆದು ಉದ್ದನೆಯ ಹೆಜ್ಜೆ. ಮಳೆ ಬಿದ್ದು ಎರಿಮಣ್ಣು ಚಪ್ಪಲಿಗೆ ಸೇರುಗಟ್ಟಲೆ ಮೆತ್ತುವ ದಿನಗಳಲ್ಲಿ ಉಳಿದ ಹುಡುಗಿಯರು ಗೋಡೆ ಹಿಡಿದು ಬಂದರೆ, ಅವಳು ಚಪ್ಪಲಿ ಕೈಯಲ್ಲಿ ಹಿಡಿದು ನಟ್ಟನಡುವೆ ಬರುತ್ತಿದ್ದಳು.

ಅವಳ ಪಾಳಿ ಬಂದ ದಿನ ಶಿವಗಂಗವ್ವ ಬಾಗಿಲಲ್ಲಿ ನಿಂತು ಗೋಣು ಹಾಕಿದಳು. ಜೊತೆಯ ಹುಡುಗಿ ಎದ್ದಳು. ಸೀಮಾ ಕೂತಲ್ಲಿಂದಲೇ ಹೇಳಿದಳು.

“ಗಣಿತ ಮುಗಿಸಿ ಬರ್ತೇನ್ರಿ ಗಂಗಕ್ಕ.”

ಸಿಟ್ಟಿಲ್ಲ, ಗರ್ವವಿಲ್ಲ. ಬಸ್ಸು ಇನ್ನೂ ಬಂದಿಲ್ಲ ಎಂದು ಯಾರಾದರೂ ಹೇಳಿದ ಹಾಗೆ. ಹೇಳಿದವಳು ಮತ್ತೆ ಹಲಗೆಯ ಕಡೆ ನೋಡಿದಳು. ಗಣಿತದ ಗುರುಗಳೂ ಹಲಗೆಗೆ ಬರೆಯಲು ಖಡು ಎತ್ತಿಕೊಂಡರು. ಶಿವಗಂಗವ್ವನ ಗೋಣು ಹಾಕಿದಲ್ಲೇ ಉಳಿಯಿತು. ಎದ್ದು ನಿಂತಿದ್ದ ಇನ್ನೊಬ್ಬ ಹುಡುಗಿ ಅತ್ತ ನೋಡಿ, ಇತ್ತ ನೋಡಿ, ಮೆಲ್ಲಗೆ ಕೂತಳು.

ಅಂದು ಮಧ್ಯಾಹ್ನ ಸೀಮಾ ತನ್ನ ತಾಟು ತೊಳೆದುಕೊಂಡು ಬಂದು ಗಂಡುಹುಡುಗರ ಪಂಕ್ತಿಯಲ್ಲಿ, ನಟ್ಟನಡುವೆ ಕೂತುಬಿಟ್ಟಳು. ಸೌಟು ಹಿಡಿದು ನಿಂತ ಶಿವಗಂಗವ್ವ ಇದು ಹುಡುಗರ ಪಂಕ್ತಿ ಎಂದಳು. ಗೊತ್ತು ಎಂದಳು ಸೀಮಾ. ಮತ್ತೆ ಎಂದರೆ, ಹಸಿವಾಗಿದೆ ಎಂದಳು. ಹುಡುಗರು ನಕ್ಕರು. ಅವಳೂ ಜೊತೆಗೆ ನಕ್ಕು ತಾಟು ಮುಂದೆ ಸರಿಸಿದಳು. ಅನ್ನ ನೀಡದೆ ದಾಟಿಹೋಗಲು ಶಿವಗಂಗವ್ವನಿಗೆ ಆಗಲಿಲ್ಲ. ನೀಡಿದಳು. ನೀಡಿದ ಕೈ ಮಾತ್ರ ಸಂಜೆಯತನಕ ತನ್ನದಲ್ಲದಂತೆ ಭಾರವಾಗಿತ್ತು.

“ಹುಡುಗಿ ಘಟ್ಟಿ ಐತಿ ನೋಡು,” ಎಂದಳು ಗೌಸಬಿ, ಪಾತೇಲಿಯ ಬುಡ ಕೆರೆಯುತ್ತ. “ಅಜ್ಜನ ಟಗರಿನಗತೆ. ಮುಂದಿನ ಕಾಲ ಊರಿ ನಿಂತ್ರ ಸರಿಯೂದ ಇಲ್ಲ.”

“ಟಗರಿಗೆ ಹಗ್ಗ ಇರತೈತಿ,” ಎಂದಳು ಶಿವಗಂಗವ್ವ.

ಹಗ್ಗ ಯಾರ ಕೈಯಲ್ಲೂ ಇರಲಿಲ್ಲ. ಒಂದು ವಾರದೊಳಗೆ ಒಂಬತ್ತರ ಹುಡುಗಿಯರು ಒಬ್ಬೊಬ್ಬರಾಗಿ ‘ಗಣಿತ ಮುಗಿಸಿ ಬರ್ತೇನ್ರಿ’ ಎನ್ನತೊಡಗಿದರು. ಅವರಲ್ಲಿ ಶಿವಗಂಗವ್ವನ ಮಗಳು ಶೈಲಶ್ರೀಯೂ ಇದ್ದಳು. ಮನೆಯಲ್ಲಿ ಸೀಮಾಳ ಮಾತಿಲ್ಲದೆ ರೊಟ್ಟಿಯ ಹಂಚು ಕಾಯುತ್ತಿರಲಿಲ್ಲ. ಸೀಮಾ ಜಡೆಯನ್ನು ಹೀಗೆ ಮಡಚಿ ಕಟ್ಟುತ್ತಾಳೆ, ಸೀಮಾ ಅಜ್ಜನ ಕುರಿಗಳ ಲೆಕ್ಕವನ್ನು ಬಾಯಲ್ಲೇ ಮಾಡುತ್ತಾಳೆ, ಸೀಮಾ ಹೆಡ್ ಮಾಸ್ತರರಿಗೆ ಹೆದರುವುದಿಲ್ಲ. ಶೈಲಶ್ರೀಯ ಹೆಜ್ಜೆಯೂ ಉದ್ದವಾಗುತ್ತಿತ್ತು. ತಾನು ಒಂಬತ್ತು ತಿಂಗಳು ಹೊತ್ತು, ಎಣ್ಣೆ ಹಚ್ಚಿ, ಹೆರಳು ಹಾಕಿ ಬೆಳೆಸಿದ ಹುಡುಗಿ ಯಾರದೋ ನಡಿಗೆ ನಡೆಯುವುದನ್ನು ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅಡುಗೆಮನೆಯಲ್ಲಿ ಇಷ್ಟು ವರ್ಷ ಅವಳು ಎಷ್ಟು ಹುಡುಗಿಯರಿಗೆ ಏನೇನು ಕಲಿಸಿಲ್ಲ. ಒಬ್ಬಳಾದರೂ ತನ್ನಂತೆ ನಡೆಯಲು ಕಲಿತಿದ್ದಳೇ?

ಒಂದು ಮುಂಜಾನೆ, ಅಡುಗೆಮನೆಯಲ್ಲಿ ಯಾರೂ ಇಲ್ಲದಾಗ, ಅವಳು ಆ ಮಾತನ್ನು ಮೆಲ್ಲಗೆ ತನ್ನ ಬಾಯಲ್ಲಿ ಹಾಕಿಕೊಂಡು ನೋಡಿದಳು. ‘ಗಣಿತ ಮುಗಿಸಿ ಬರ್ತೇನ್ರಿ.’ ಎಷ್ಟು ಸಣ್ಣ ಮಾತು. ಇದಕ್ಕೆ ಧೈರ್ಯ ಬೇಕಿರಲಿಲ್ಲ, ವಿದ್ಯೆ ಬೇಕಿರಲಿಲ್ಲ. ಎರಡು ತುಟಿ ಸಾಕಿತ್ತು. ಇಷ್ಟೇ ಇತ್ತೇ? ಇಷ್ಟು ಸಣ್ಣ ಮಾತು ತನ್ನ ಬಾಯಲ್ಲೂ ಆಗಲೇ ಬಿದ್ದಿತ್ತೇ, ತಾನು ಅದನ್ನು ಎತ್ತಿಕೊಳ್ಳದೆ ಚಹಾ ಸೋಸುತ್ತ ನಿಂತಿದ್ದೆನೇ? ಎದೆಯಲ್ಲಿ ಏನೋ ಹಸಿಮೆಣಸಿನಕಾಯಿ ಕೊಯ್ದ ಕೈಯಂತೆ ಉರಿಯತೊಡಗಿತು. ನೀರು ಹಾಕಿದರೆ ಹೆಚ್ಚಾಗುವ ಉರಿ ಅದು.

“ಯಾರ ಕೂಡ ಮಾತಾಡಾಕತ್ತೀಬೇ?” ಎಂದಳು ಗೌಸಬಿ, ಕೊಡ ಇಳಿಸುತ್ತ.

ಯಾರೊಂದಿಗೂ ಇಲ್ಲ ಎಂದಳು ಶಿವಗಂಗವ್ವ.

ಆಮೇಲಿನದು ಬೇಗ ನಡೆಯಿತು. ಒಂಬತ್ತರ ಹುಡುಗಿಯರೆಲ್ಲ ಹೆಡ್ ಮಾಸ್ತರರ ಖೋಲಿಯ ಮುಂದೆ ಹೋಗಿ ನಿಂತರು. ಮಾತಾಡಿದವಳು ಸೀಮಾ. ಪಾಳಿ ಬೇಡ ಎಂದು ಅವಳು ಹೇಳಲಿಲ್ಲ. ಪಾಳಿ ಎಲ್ಲರಿಗೂ ಇರಲಿ, ಹುಡುಗರಿಗೂ. ಪಾಠದ ಹೊತ್ತಿನಲ್ಲಿ ಯಾರನ್ನೂ ಕರೆಯುವುದು ಬೇಡ, ಪ್ರಾರ್ಥನೆಗೆ ಮೊದಲೇ ಬಂದು ಅಕ್ಕಿ ಹಸನು ಮಾಡಿಕೊಡುತ್ತೇವೆ. ಪಂಕ್ತಿ ಒಂದೇ ಇರಲಿ. ಹೆಡ್ ಮಾಸ್ತರರು ಕೆಟ್ಟವರಲ್ಲ, ಊರಿಗೆ ಅಂಜುವವರು. ಒಂದು ವಾರ ಮಾಡಿ ನೋಡೋಣ ಎಂದರು. ಶನಿವಾರ ಶಾಲಾ ಸಮಿತಿಯ ಅಧ್ಯಕ್ಷ ಶಂಕ್ರಪ್ಪನವರು ಬಂದು ನೋಡಲಿ, ಸರಿ ಕಂಡರೆ ಹೊಸ ಪದ್ಧತಿ, ಇಲ್ಲವಾದರೆ ಹಳೆಯದೇ. ಆಮೇಲೆ ಅಡುಗೆಮನೆಗೆ ಬಂದು, ಶಿವಗಂಗವ್ವ ಪಕ್ಕದಲ್ಲಿ ನಿಂತು ಹೇಳಿಕೊಡಬೇಕು, ಮಕ್ಕಳೇ ಮಾಡಬೇಕು ಎಂದು ತಿಳಿಸಿ ಹೋದರು.

ಆ ವಾರ ಅವಳು ಕಾದಳು. ಹುಡುಗರ ಕೈಯಲ್ಲಿ ಅಕ್ಕಿ ಕೇರುವ ಮರ ಕೊಟ್ಟರೆ ಅಕ್ಕಿ ನೆಲದ ಪಾಲು ಎಂದುಕೊಂಡಿದ್ದಳು. ಮಾಂತೇಶ ಎಂಬ ಹುಡುಗ, ಅಪ್ಪನ ಟ್ರ್ಯಾಕ್ಟರು ಏರಿ ಊರೆಲ್ಲ ಸದ್ದು ಮಾಡುವವನು, ಮೊದಲ ದಿನ ಅಕ್ಕಿಯನ್ನು ಅರ್ಧ ಚೆಲ್ಲಿದ್ದು ನಿಜ. ಎರಡನೆಯ ದಿನ ಸೀಮಾ ಅವನ ಮಣಿಕಟ್ಟು ಹಿಡಿದು ಮರ ಹೇಗೆ ಕುಣಿಸಬೇಕೆಂದು ತೋರಿಸಿದಳು. ಮೂರನೆಯ ದಿನ ಅವನು ತಾನು ಆರಿಸಿದ ಹರಳುಗಳನ್ನು ಅಂಗೈಯಲ್ಲಿಟ್ಟುಕೊಂಡು ಎಲ್ಲರಿಗೂ ತೋರಿಸುತ್ತ ತಿರುಗಿದ. ಪಾತೇಲಿ ತಿಕ್ಕಲು ಬಂದ ಹುಡುಗರು ಮೊದಲು ಮೂಗು ಮುರಿದು, ಆಮೇಲೆ ಯಾರ ಪಾತೇಲಿ ಹೆಚ್ಚು ಹೊಳೆಯುತ್ತದೆಂದು ಪಣ ಕಟ್ಟಿದರು. ಒಂದೇ ಪಂಕ್ತಿ ವರಾಂಡದ ಉದ್ದಕ್ಕೂ ಕೂತಿತು. ಏನೂ ಕೆಡಲಿಲ್ಲ. ಶಿವಗಂಗವ್ವನಿಗೆ ಅದೇ ತಡೆಯಲಾಗಲಿಲ್ಲ. ಆಕಾಶ ಬೀಳಬೇಕಿತ್ತು. ಬಿದ್ದಿದ್ದರೆ, ಆಗ ತನ್ನ ಮೇಲೂ ಬೀಳುತ್ತಿತ್ತು, ಅದಕ್ಕೇ ತಾನು ಸುಮ್ಮನಿದ್ದೆ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು.

ಶನಿವಾರ ಮುಂಜಾನೆಯ ಶಾಲೆ. ಪ್ರಾರ್ಥನೆಯ ನಂತರ ಮಕ್ಕಳಿಗೆ ಹಾಲು. ಶಂಕ್ರಪ್ಪನವರು ಹಣೆಗೆ ಅಗಲವಾಗಿ ವಿಭೂತಿ ಬಳಿದುಕೊಂಡು, ಬಿಳಿ ಟೊಪ್ಪಿಗೆ ಸರಿಮಾಡಿಕೊಳ್ಳುತ್ತ ಬಂದು ಕುರ್ಚಿಯಲ್ಲಿ ಕೂತರು. ಅಂದಿನ ಪಾಳಿ ಸೀಮಾ ಮತ್ತು ಮಾಂತೇಶರದು. ಶಾಲೆಗೆ ಬರುವ ಹಾಲಿನ ಪುಡಿಯದು ಒಂದು ಚಾಳಿ ಇದೆ. ಅದನ್ನು ಮೊದಲು ತಣ್ಣೀರಿನಲ್ಲಿ ಕೈಯಾಡಿಸಿ ಗಂಜಿಯಂತೆ ಕಲಸಿಕೊಳ್ಳಬೇಕು, ಆಮೇಲೆ ಕುದಿದ ನೀರಿಗೆ ಸುರಿಯಬೇಕು. ನೇರವಾಗಿ ಬಿಸಿನೀರಿಗೆ ಬಿದ್ದರೆ ಅದು ಮುನಿಸಿಕೊಂಡು ಗಂಟುಗಂಟಾಗುತ್ತದೆ, ಮತ್ತೆ ಯಾರು ತಿರುವಿದರೂ ಬಿಚ್ಚುವುದಿಲ್ಲ. ಸೀಮಾ ಇದ್ದ ಹಾಸ್ಟೆಲಿನಲ್ಲಿ ಎಮ್ಮೆಯ ಹಾಲು ಬರುತ್ತಿತ್ತು. ಮಾಂತೇಶನಿಗೆ ಪುಡಿಯೆಂದರೆ ಗೊಬ್ಬರದ ಚೀಲದ್ದು ಗೊತ್ತು. ಗೌಸಬಿ ತಣ್ಣೀರಿನ ಚರಗಿ ತುಂಬಿಸಿ ಕಟ್ಟೆಯ ಮೇಲೆ ಇಟ್ಟು, ಲೋಟ ಹೊಂದಿಸಲು ಹೊರಗೆ ಹೋಗಿದ್ದಳು.

ಶಿವಗಂಗವ್ವ ಕುದಿನೀರಿನ ಪಾತೇಲಿ ಇಳಿಸಿ ಹಿಂದೆ ಸರಿದಳು. ಸೀಮಾ ಪುಡಿಯ ಡಬ್ಬಿ ಎತ್ತಿಕೊಂಡು ಅವಳ ಮುಖ ನೋಡಿದಳು.

“ಈಗ ಹಾಕೂದೇನ್ರಿ ಗಂಗಕ್ಕ?”

ಕಿಟಕಿಯ ಬೆಳಕು ಹುಡುಗಿಯ ಮುಖದ ಮೇಲೆ ಬಿದ್ದಿತ್ತು. ಹಬೆಯಲ್ಲಿ ಹಣೆಯ ಮೇಲಿನ ಸಣ್ಣ ಕೂದಲು ಒದ್ದೆಯಾಗಿ ಅಂಟಿಕೊಂಡಿದ್ದವು. ಕಣ್ಣಲ್ಲಿ ಅನುಮಾನದ ಎಳೆಯೂ ಇರಲಿಲ್ಲ. ಹೊರಗೆ ಶೈಲಶ್ರೀ ಗೆಳತಿಯನ್ನು ಕರೆಯುತ್ತಿದ್ದಳು, ‘ಸೀಮಾ, ಲಗೂನ ಬಾರಽ’ ಎಂದು. ಅಷ್ಟು ಅಕ್ಕರೆಯಿಂದ ಅವಳು ಅವ್ವನನ್ನು ಕರೆದು ಎಷ್ಟು ದಿನವಾಗಿತ್ತೋ.

ಶಿವಗಂಗವ್ವ ಬಾಯಿ ತೆರೆಯಲಿಲ್ಲ. ಗೋಣು ಹಾಕಿದಳು.

ಶಂಕ್ರಪ್ಪನವರು ಮೊದಲ ಗುಟುಕನ್ನು ಕುಡಿಯಲಿಲ್ಲ, ಅಗಿದರು. ಮೀಸೆಯಿಂದ ಒಂದು ಬಿಳಿಯ ಗಂಟನ್ನು ಎರಡು ಬೆರಳಲ್ಲಿ ಹಿಡಿದು ತೆಗೆದು ಹೆಡ್ ಮಾಸ್ತರರಿಗೆ ತೋರಿಸಿದರು. ಸಣ್ಣ ಮಕ್ಕಳು ಥೂ ಎಂದು ಉಗುಳಿ, ಉಗುಳುವುದೇ ಒಂದು ಆಟವಾಗಿ ನಕ್ಕರು. ಶಂಕ್ರಪ್ಪನವರು ಸಿಟ್ಟಿನ ಮನುಷ್ಯನಲ್ಲ. ನಗುತ್ತಲೇ ಹೇಳಿದರು, ಅದು ಸಿಟ್ಟಿಗಿಂತ ಗಟ್ಟಿಯಾಗಿ ಕೂತಿತು.

“ಇದಕ ನೋಡ್ರಿ, ಯಾರ ಕೆಲಸ ಅವರ ಮಾಡಬೇಕನ್ನೂದು. ಗಂಗವ್ವ ಇಷ್ಟ ವರ್ಷ ಮಾಡ್ಯಾಳ, ಒಂದ ದಿನಾ ಗಂಟ ಆಗಿತ್ತೇನು? ಸೋಮವಾರದಿಂದ ಹಳೇ ಪಾಳಿನ ಇರ್ಲಿ.”

ಎಲ್ಲರೂ ಸೀಮಾಳನ್ನು ನೋಡಿದರು. ಮಾಂತೇಶ ಅಡುಗೆಮನೆಯ ಕಡೆ ಕೈಮಾಡಿ ಏನೋ ಹೇಳಲು ಹೊರಟಿದ್ದ, ಅವಳು ಅವನ ಅಂಗಿಯ ತೋಳು ಹಿಡಿದು ಎಳೆದಳು. ತಪ್ಪು ತನ್ನದು ಎಂದಳು. ಗಂಗಕ್ಕನನ್ನು ಕೇಳಿದ್ದೆ, ಅವರು ಬೇರೆಯದಕ್ಕೆ ಗೋಣು ಹಾಕಿದ್ದನ್ನು ನಾನೇ ತಪ್ಪು ತಿಳಿದುಕೊಂಡೆ ಎಂದಳು. ಅವಳ ದನಿ ನಡುಗಿದ್ದು ಅದೊಂದೇ ಸಲ.

ಶಿವಗಂಗವ್ವನಿಗೆ ಹಿಗ್ಗಾಯಿತು. ಆಗಲಿಲ್ಲ ಎಂದರೆ ಸುಳ್ಳು. ಅಧ್ಯಕ್ಷರ ಬಾಯಲ್ಲಿ ತನ್ನ ಹೆಸರು, ಶಾಲೆಯೆಲ್ಲ ಕೇಳುವಂತೆ. ಬೆಲ್ಲದ ಚೂರು ಬಾಯಲ್ಲಿಟ್ಟುಕೊಂಡವಳಂತೆ ಅವಳು ಅಡುಗೆಮನೆಗೆ ಮರಳಿದಳು. ಅಲ್ಲಿ ಗೌಸಬಿ ಕಟ್ಟೆಯ ಮುಂದೆ ನಿಂತಿದ್ದಳು. ಚರಗಿಯಲ್ಲಿ ತಣ್ಣೀರು ತುಂಬಿಸಿ ಇಟ್ಟಲ್ಲಿಯೇ, ಇಟ್ಟಷ್ಟೇ ಇತ್ತು.

“ನೀರ ಹಂಗ ಐತಿ,” ಎಂದಳು ಗೌಸಬಿ. ಚರಗಿ ಎತ್ತಿ ಬಾಗಿಲ ಹೊರಗಿನ ಬೇವಿನ ಬುಡಕ್ಕೆ ಚೆಲ್ಲಿ, ಪಾತೇಲಿಯ ಗೋಡೆಗೆ ಮೆತ್ತಿದ ಗಂಟುಗಳನ್ನು ಉಗುರಿನಿಂದ ಕೆರೆಯುತ್ತ ಕೂತಳು. ಮಾತಿನ ಗೌಸಬಿ ಅಂದು ಬೀಗ ಹಾಕುವತನಕ ಮಾತಾಡಲಿಲ್ಲ.

ರವಿವಾರ ಇಡೀ ದಿನ ಮನೆಯಲ್ಲಿ ಶೈಲಶ್ರೀ ಹೆಸರುಕಾಯಿ ಬಿಡಿಸುತ್ತ ಹೊಸ್ತಿಲಲ್ಲಿ ಕೂತಿದ್ದಳು. ಗೆಳತಿ ಕರೆದರೆ ಏಳುತ್ತಿದ್ದಳೇನೋ, ಸೀಮಾ ಅಂದು ಬರಲಿಲ್ಲ. ಮಗಳು ಮತ್ತೆ ತನ್ನ ಬಳಿ ಬಂದು ಕೂತಿದ್ದಾಳೆ ಎಂದು ಶಿವಗಂಗವ್ವ ಹಿಗ್ಗಲು ನೋಡಿದಳು. ಹಿಗ್ಗು ಬರಲಿಲ್ಲ. ಹುಡುಗಿಯ ಹೆಜ್ಜೆ, ನೀರಿಗೆ ಎದ್ದಾಗ ನೋಡಿದಳು, ಮೊದಲಿನಂತೆ ಗಿಡ್ಡವಾಗಿತ್ತು.

ಸೋಮವಾರ ಎರಡನೆಯ ಪೀರಿಯಡ್ಡಿಗೆ ಅವಳು ಒಂಬತ್ತರ ಬಾಗಿಲಿಗೆ ಹೋಗಿ ನಿಂತಳು. ಅಂದು ಪಾಳಿಯ ಇಬ್ಬರಲ್ಲಿ ಒಬ್ಬಳು ಜ್ವರ ಬಂದು ಮನೆಯಲ್ಲಿದ್ದಳು. ಇನ್ನೊಬ್ಬಳು ಶೈಲಶ್ರೀ. ಶಿವಗಂಗವ್ವ ಗೋಣು ಹಾಕಿದಳು. ಮಗಳು ಗಣಿತದ ಪುಸ್ತಕ ಮಡಚಿ, ಅದರ ಮೇಲೆ ಪೆನ್ನನ್ನು ನೆಟ್ಟಗೆ ಇಟ್ಟು, ತಾಯಿಯ ಮುಖ ನೋಡದೆ ಎದ್ದು ಬಂದಳು. ಹಿಂದಿನ ಸಾಲಿನಲ್ಲಿ ಸೀಮಾ ತಲೆ ತಗ್ಗಿಸಿ ಏನೋ ಬರೆಯುತ್ತಿದ್ದಳು.

ಶೈಲಶ್ರೀ ಮರ ತೆಗೆದುಕೊಂಡು ಗೋಡೆಗೆ ಆತು ಕೂತಳು. ಗೌಸಬಿ ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು. ಗ್ಯಾಸಿನ ಒಲೆಯ ಸುಂಯ್ ಸದ್ದಿನ ನಡುವೆ ಗೋಡೆಯಾಚೆಯಿಂದ ಗುರುಗಳ ದನಿ ಸೋಸಿಕೊಂಡು ಬರತೊಡಗಿತು. ಗೋಡೆಗೆ ಈಗ ಸಿಮೆಂಟು ಮೆತ್ತಿದ್ದಾರೆ, ಆದರೂ ಅದು ಅದೇ ಗೋಡೆ. ಶಿವಗಂಗವ್ವ ಬೇಳೆ ತೊಳೆಯುತ್ತ ಮಗಳ ಕಡೆ ನೋಡಿದಳು. ಹುಡುಗಿ ಹರಳು ಆರಿಸುತ್ತಿರಲಿಲ್ಲ. ಕಿವಿಯನ್ನು ಗೋಡೆಗೆ ಆನಿಸಿ, ಮರದಲ್ಲಿ ಹರಡಿದ ಅಕ್ಕಿಯ ಮೇಲೆ ತೋರುಬೆರಳಿನಿಂದ ಏನೋ ಗೀರುತ್ತಿದ್ದಳು. ಗೀರಿ, ತಡೆದು, ಅಳಿಸಿ, ಮತ್ತೆ ಗೀರುತ್ತಿದ್ದಳು.

ಏನದು ಎಂದಳು ಶಿವಗಂಗವ್ವ.

“ಭಾಗಾಕಾರ.”

“ಒಂಬತ್ತರಾಗೂ ಇರತೈತೇನು?”

“ಇದು ಅಂಕಿದಲ್ಲಬೇ, ಅಕ್ಷರದ್ದು,” ಎಂದಳು ಶೈಲಶ್ರೀ, ಕಿವಿ ಗೋಡೆಯಿಂದ ತೆಗೆಯದೆ. “ಕೆಳಗ ಇಳಿಸಿಕೊಳ್ರಿ ಅಂತಾರ. ಯಾವುದು ಇಳಿಸೂದಂತ ಇಲ್ಲಿಂದ ಕಾಣವಲ್ದು.”

ಶಿವಗಂಗವ್ವನ ಕೈಯಲ್ಲಿ ಬೇಳೆಯ ನೀರು ಹಾಗೆಯೇ ನಿಂತಿತು. ಅಕ್ಕಿಯ ಮೇಲಿನ ಗೀರು ಅರ್ಧಕ್ಕೆ ನಿಂತಿತ್ತು. ಆ ಅರ್ಧ ಅವಳಿಗೆ ಗುರುತು ಹತ್ತಿತು. ಇಷ್ಟು ವರ್ಷ ತಾನು ಒರೆಸಿ ಒರೆಸಿ ಇಟ್ಟುಕೊಂಡಿದ್ದ ಹಿತ್ತಾಳೆಯ ಸಮೆಯೊಳಗೆ ಎಣ್ಣೆಯನ್ನು ಎಂದೂ ಯಾರೂ ಹಾಕಿರಲಿಲ್ಲ ಎಂದು ಅವಳಿಗೆ ಆ ಕ್ಷಣ ಕಂಡಿತು. ತನ್ನನ್ನು ಆರಿಸಿರಲಿಲ್ಲ. ತನ್ನನ್ನು ಹೊರಗೆ ಕಳಿಸಿದ್ದರು.

ಅವಳು ಬಂದು ಮಗಳ ಕೈಯಿಂದ ಮರ ಕಸಿದುಕೊಂಡಳು. ಸ್ವಲ್ಪ ಒರಟಾಗಿಯೇ. ಅಕ್ಕಿ ಒಂದಿಷ್ಟು ಚೆಲ್ಲಿತು.

“ಹೋಗು. ಒಳಗ ಹೋಗಿ ಕೂಡು.”

“ಪಾಳಿ ನಂದೈತಿ.”

“ಹೋಗಂದ್ನೆಲ್ಲ.”

ಮಗಳು ಹೋದ ಮೇಲೆ ಸೆರಗಿನಿಂದ ಕೈ ಒರೆಸಿಕೊಂಡು ಶಿವಗಂಗವ್ವ ಹೊರಟಳು. ಎಲ್ಲಿಗೆ ಎಂದು ಗೌಸಬಿ ಕೇಳಲಿಲ್ಲ. ಚೆಲ್ಲಿದ ಅಕ್ಕಿ ಆರಿಸಲು ಬಾಗಿದಳು.

ಹೆಡ್ ಮಾಸ್ತರರು ತಲೆಯೆತ್ತಿದಾಗ ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಶನಿವಾರ ಪುಡಿ ಹಾಕು ಎಂದು ಗೋಣು ಹಾಕಿದವಳು ತಾನು ಎಂದಳು. ಮರೆತಿರಬೇಕು, ಬಿಡಿ ಎಂದರು ಅವರು. ಮರೆತಿರಲಿಲ್ಲ, ಗೊತ್ತಿದ್ದೇ ಹಾಕಿದೆ ಎಂದಳು.

ಅವರು ಕನ್ನಡಕ ತೆಗೆದರು. “ಯಾಕ ಗಂಗವ್ವ?”

ಹೊಟ್ಟೆಕಿಚ್ಚು ಎಂಬ ಮಾತು ಬಾಯಿಗೆ ಬಂದಿತ್ತು. ಹದಿನಾಲ್ಕರ ಹುಡುಗಿಯ ಮೇಲೆ ಇಷ್ಟು ವಯಸ್ಸಿನ ಹೆಂಗಸಿಗೆ ಹೊಟ್ಟೆಕಿಚ್ಚು ಎಂದು ಹೇಳಲು ನಾಲಿಗೆ ಹೊರಳಲಿಲ್ಲ.

“ನಾ ಚಹಾ ಮಾಡೂ ಮುಂದ ಭಾಗಾಕಾರ ನಡದಿತ್ರಿ ಸರ್,” ಎಂದಳು.

ಅವರಿಗೆ ಅರ್ಥವಾಗಲಿಲ್ಲ. ಅವಳೂ ಬಿಡಿಸಿ ಹೇಳಲಿಲ್ಲ. ಶಂಕ್ರಪ್ಪನವರಿಗೆ ಇದನ್ನು ಹೇಳಬೇಕಾಗುತ್ತದೆ ಎಂದು ಅವರು ಎಚ್ಚರಿಸಿದರು. ಹೇಳಿ ಎಂದಳು.

ಶಂಕ್ರಪ್ಪನವರು ಕರೆಸಿದರು, ಬೈದರು. ಮಕ್ಕಳ ಬಾಯಿಗೆ ಬೀಳುವುದರಲ್ಲಿ ಆಟ ಆಡುತ್ತೀಯಾ ಎಂದು, ಊರ ನಾಲ್ಕು ಜನರ ಎದುರಿಗೇ. ಇನ್ನೊಮ್ಮೆ ಹೀಗಾದರೆ ಬೀಗದ ಕೈ ಗೌಸಬಿಯ ಟೊಂಕಕ್ಕೆ ಹೋಗುತ್ತದೆ ಎಂದರು. ಅವಳು ಸೆರಗಿನ ಚುಂಗು ಹಿಡಿದು ಕೇಳಿಸಿಕೊಂಡಳು. ಹಾಲಿನ ಸುದ್ದಿ ಊರಲ್ಲಿ ನಾಲ್ಕು ದಿನ ಓಡಾಡಿ, ಹೆಸರುಕಾಳಿನ ರಾಶಿ ಬಂದ ಮೇಲೆ ತಣ್ಣಗಾಯಿತು. ಪಾಳಿ ಹೊಸದೇ ಆಯಿತು. ಪಾಠದ ಹೊತ್ತಿನಲ್ಲಿ ಅಡುಗೆಮನೆಯಿಂದ ಯಾರೂ ಯಾವ ಬಾಗಿಲಿಗೂ ಹೋಗುವಂತಿಲ್ಲ ಎಂದು ಹೆಡ್ ಮಾಸ್ತರರು ಹೇಳಿದರು. ಹೇಳುವ ಅವಶ್ಯಕತೆ ಇರಲಿಲ್ಲ.

ಸೀಮಾಳಿಗೆ ಮಾತ್ರ ತಾನೇ ಹೇಳಬೇಕಿತ್ತು. ಒಂದು ಮುಂಜಾನೆ ಪ್ರಾರ್ಥನೆಗೆ ಮೊದಲು ಅವಳು ಪಾಳಿಗೆ ಬಂದಾಗ ಹೇಳಿದಳು. ಹುಡುಗಿ ಅತ್ತಿದ್ದರೆ, ಸಿಟ್ಟಾಗಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಕಿವಿಯ ಹಿಂದೆ ಕೂದಲು ಸಿಕ್ಕಿಸಿಕೊಂಡಳು.

“ಮತ್ತ ಕಲಸೂದು ಹೆಂಗ್ರಿ ಗಂಗಕ್ಕ? ತೋರಸ್ರಿ.”

ಕ್ಷಮೆಯೂ ಇಲ್ಲ, ಮುನಿಸೂ ಇಲ್ಲ. ಶಿವಗಂಗವ್ವ ಚರಗಿ ಎತ್ತಿಕೊಂಡಳು. ಪುಡಿಗೆ ತಣ್ಣೀರು ಹನಿಸಿ, ಬೆರಳಾಡಿಸಿ, ಗಂಟು ಒಡೆಯುವುದನ್ನು ತೋರಿಸಿದಳು. ಹುಡುಗಿಯ ಕೈ ಒಂದೇ ಸಲಕ್ಕೆ ಹದ ಹಿಡಿಯಿತು. ತನಗೆ ಇದು ಕೈಹತ್ತಲು ಎಷ್ಟು ದಿನ ಬೇಕಾಗಿತ್ತು. ಎದೆಯಲ್ಲಿ ಮತ್ತೆ ಅದೇ ಮೆಣಸಿನಕಾಯಿಯ ಉರಿ. ಇದು ಹೋಗುವುದಿಲ್ಲ ಎಂದು ಅವಳಿಗೆ ಆಗ ಗೊತ್ತಾಯಿತು. ಅಂದು ಮಧ್ಯಾಹ್ನ ಸೀಮಾಳ ತಾಟಿಗೆ ಸೌಟು ತುಸು ಕಡಿಮೆಯೇ ತುಂಬಿತು. ಗೌಸಬಿ ಅದನ್ನು ನೋಡಿದಳು.

“ಇನ್ನಷ್ಟ ಹಾಕಬೇ, ನಿನ್ನ ಮನಿದೇನ ಹೋಗತೈತಿ,” ಎಂದಳು, ಪಂಕ್ತಿಗೆಲ್ಲ ಕೇಳುವಂತೆ.

ಶಿವಗಂಗವ್ವ ಮತ್ತೊಂದು ಸೌಟು ಹಾಕಿದಳು.

ಈಗ ಎರಡನೆಯ ಪೀರಿಯಡ್ಡಿನಲ್ಲಿ ಅಡುಗೆಮನೆಯಲ್ಲಿ ಅವರಿಬ್ಬರೇ. ಅಕ್ಕಿ ಮೊದಲೇ ಹಸನಾಗಿರುತ್ತದೆ. ಕಾಯಿಪಲ್ಲೆ ಹೆಚ್ಚುತ್ತ ಶಿವಗಂಗವ್ವ ಗೋಡೆಗೆ ಆತು ಕೂಡುತ್ತಾಳೆ. ಗೋಡೆಗೆ ಆತು ಕೂತರೆ ಬೆನ್ನಿಗೆ ತಂಪು ಎಂದು ಗೌಸಬಿಗೆ ಹೇಳಿದ್ದಾಳೆ. ಗೌಸಬಿ ನಂಬಿದಂತೆ ತಲೆಯಾಡಿಸುತ್ತಾಳೆ.

ಆಚೆ ಗುರುಗಳು ಒಂದು ಲೆಕ್ಕ ಹಾಕಿ, ಯಾರು ಹೇಳುತ್ತೀರಿ ಎಂದು ಕೇಳುತ್ತಾರೆ. ಒಂದು ಗಳಿಗೆ ಮೌನ. ಶಿವಗಂಗವ್ವನ ಈಳಿಗೆಯ ಮೇಲಿನ ಬದನೆಕಾಯಿ ನಿಲ್ಲುತ್ತದೆ. ಆ ಲೆಕ್ಕ ಅವಳಿಗೆ ತಿಳಿಯುವುದಿಲ್ಲ. ಅವಳು ಉತ್ತರಕ್ಕಲ್ಲ, ದನಿಗೆ ಕಾಯುತ್ತಾಳೆ. ಹೆಚ್ಚಿನ ಸಲ ಮೊದಲು ಕೇಳುವುದು ಸೀಮಾಳ ದನಿಯೇ, ಗಂಟಿಲ್ಲದ ಹಾಲಿನಂತೆ ನೇರ. ಶಿವಗಂಗವ್ವ ತುಟಿ ಕಚ್ಚಿಕೊಂಡು ಬದನೆಕಾಯಿಯನ್ನು ಒಂದೇ ಏಟಿಗೆ ಸೀಳುತ್ತಾಳೆ.

ಮೊನ್ನೆ ಒಂದು ದಿನ ಮಾತ್ರ ಶೈಲಶ್ರೀಯ ದನಿ ಮೊದಲು ಎದ್ದಿತು. ಉತ್ತರ ತಪ್ಪಿತ್ತೇನೋ, ತರಗತಿ ನಕ್ಕಿತು. ಗುರುಗಳು ಇನ್ನೊಮ್ಮೆ ನೋಡು ಎಂದರು. ಮತ್ತೆ ಮೌನ. ಇನ್ನೇನು ಸೀಮಾ ಹೇಳಿಬಿಡುತ್ತಾಳೆ ಎನ್ನುವಷ್ಟು ಉದ್ದದ ಮೌನ.

“ಲಗೂನ ಹೇಳಽ,” ಎಂದಳು ಶಿವಗಂಗವ್ವ, ಗೋಡೆಗೆ ಬಾಯಿಹಚ್ಚಿ, ಹಲ್ಲು ಕಚ್ಚಿ. “ಅಕಿಗಿಂತ ಮೊದಲ ಹೇಳಽ.”